ಫಾರ್ಮಸಿಸ್ಟರ ತರಬೇತಿ ತಾಲ್ಲೂಕಿಗೇ ಬರಲಿ

ಮಾನ್ಯ ಸಂಪಾದಕರೇ,

ಔಷಧ ಅಂಗಡಿಗಳ ಫಾರ್ಮಸಿಸ್ಟರಿಗೆ ಹೊಸದನ್ನು ಕಲಿಯುವ ಆಸಕ್ತಿಯಿಲ್ಲ, ನೋಂದಣಿ ನವೀಕರಣಕ್ಕಾಗಿ ಮಾತ್ರ ತರಬೇತಿಗೆ ಬಂದು ಪ್ರಮಾಣಪತ್ರ ಪಡೆದು ಹೋಗುತ್ತಾರೆ ಎಂಬ ಮಾತು ನಮ್ಮ ವೃತ್ತಿಯವರ ನಡುವೆಯೇ ಕೇಳಿಬರುತ್ತದೆ. ಚಿತ್ರದುರ್ಗದಲ್ಲಿ ಇದೇ ಕೆಲಸದಲ್ಲಿರುವ ನಾನು ಅದನ್ನು ಪೂರ್ತಿ ಅಲ್ಲಗಳೆಯಲಾರೆ. ಆದರೆ ತಪ್ಪೆಲ್ಲವನ್ನೂ ಅವರ ಮನೋಭಾವದ ಮೇಲೆ ಹೊರಿಸುವುದು ನ್ಯಾಯವಲ್ಲ.

2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯಂತೆ ನೋಂದಾಯಿತ ಫಾರ್ಮಸಿಸ್ಟರು 5 ವರ್ಷಗಳಲ್ಲಿ ಕನಿಷ್ಠ 2 ಬಾರಿ, ತಲಾ ಒಂದು ದಿನದ ಪುನಶ್ಚೇತನ ತರಬೇತಿ ಪಡೆಯಬೇಕು. ಇದು ಹೆಚ್ಚೇನಲ್ಲ. ಆದರೆ ಮೊಳಕಾಲ್ಮುರು, ಹೊಸದುರ್ಗದಂಥ ಕಡೆ ಅಂಗಡಿಗೊಬ್ಬರೇ ಫಾರ್ಮಸಿಸ್ಟ್ ಇರುವಾಗ, ವೈದ್ಯರ ಚೀಟಿಗೆ ಬೇರೆಯವರು ಔಷಧ ಕೊಡುವುದನ್ನು 1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ ನಿಷೇಧಿಸಿರುವಾಗ, ಅವರು ಒಂದು ದಿನ ಊರು ಬಿಟ್ಟರೆ ಅಂಗಡಿಯ ಬಾಗಿಲು ಹಾಕಬೇಕಾಗುತ್ತದೆ. ಅಷ್ಟಾಗಿ ಹೋದವರಿಗೆ ಸಿಗುವುದೇನು? ನಾನು ಹಾಜರಾದ ಒಂದು ತರಬೇತಿಯಲ್ಲಿ ಬೆಳಗಿನ ಹೊತ್ತೆಲ್ಲ ಸ್ವಾಗತ, ಸನ್ಮಾನಗಳಲ್ಲಿ ಕಳೆಯಿತು. ಮಧ್ಯಾಹ್ನದ ಉಪನ್ಯಾಸ ಕಾರ್ಖಾನೆಯಲ್ಲಿ ಮಾತ್ರೆ ತಯಾರಿಸುವ ವಿಧಾನದ ಬಗ್ಗೆ ಇತ್ತು.

ನಮ್ಮ ಕೌಂಟರಿನ ಮುಂದೆ ಬರುವ ಸಂಗತಿಗಳೇ ಬೇರೆ. ಇನ್ಸುಲಿನ್ ಶೀಷೆಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್‌ನವೂ ಇವೆ, 100 ಯೂನಿಟ್‌ನವೂ ಇವೆ. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜ್, ಎರಡನೆಯದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಗೀಟು ನೋಡಿ ಎಳೆದುಕೊಂಡವರ ಮೈಗೆ ಎರಡೂವರೆ ಪಟ್ಟು ಔಷಧ ಸೇರಿ, ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೇ ಅಪಾಯ ಬರಬಹುದು. ಸಿರಿಂಜ್ ಕೊಡುವ ಮುನ್ನ ಶೀಷೆ ನೋಡಿ, ರೋಗಿಗೆ ಎರಡು ಮಾತು ಹೇಳಲು ಅರ್ಧ ನಿಮಿಷ ಸಾಕು. ಹಾಗೆಯೇ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ನೆಗಡಿ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರ ಔಷಧ ನಿಯಂತ್ರಕರು 2023ರಲ್ಲಿ ಸೂಚಿಸಿದರು. ಅದಕ್ಕೂ ಎಷ್ಟೋ ಮೊದಲೇ ಡಿಪ್ಲೊಮಾ ಮುಗಿಸಿದವರಿಗೆ ಇದನ್ನು ಯಾರಾದರೂ ತಿಳಿಸಬೇಕಲ್ಲವೇ?

ಇಂಥ ವಿಷಯಗಳನ್ನು ಹಿಡಿದು, ತಾಲ್ಲೂಕು ಕೇಂದ್ರಗಳಲ್ಲಿ, ಭಾನುವಾರ, ಕನ್ನಡದಲ್ಲೇ ತರಬೇತಿ ನಡೆಸಿದರೆ ಕರೆಯದೆಯೂ ಬರುವವರಿದ್ದಾರೆ. ದಾವಣಗೆರೆ ಮತ್ತು ಚಿತ್ರದುರ್ಗದ ಫಾರ್ಮಸಿ ಕಾಲೇಜುಗಳಲ್ಲಿ ಕಲಿಸಬಲ್ಲ ಅಧ್ಯಾಪಕರಿದ್ದಾರೆ. ರಾಜ್ಯ ಫಾರ್ಮಸಿ ಪರಿಷತ್ತು ಅವರ ನೆರವು ಪಡೆದು ವರ್ಷದ ದಿನಾಂಕಗಳನ್ನು ಮುಂಚಿತವಾಗಿ ಪ್ರಕಟಿಸಬೇಕು. ಅಂಗಡಿ ಮಾಲೀಕರು ಆ ದಿನಕ್ಕೆ ಸಂಬಳ ಕತ್ತರಿಸಬಾರದು.

— ನೋಂದಾಯಿತ ಫಾರ್ಮಸಿಸ್ಟ್, ಚಿತ್ರದುರ್ಗ