ಮಾರುತ್‌ಗೆ ಕೈ ಜೋಡಿಸಿದವರಿಗೆ

ಕಳೆದ ಭಾನುವಾರ ಮಾರುತ್ ಮುಗಿಯಿತು. ಎಚ್‌ಎಫ್‌–24 ಮಾರುತ್ ಯುದ್ಧವಿಮಾನದ ಮಾದರಿ, 1/48ರ ಅಳತೆಯಲ್ಲಿ: ಮೂಗಿನಿಂದ ಬಾಲದ ತುದಿಗೆ 33 ಸೆಂಟಿಮೀಟರ್, ರೆಕ್ಕೆಯಿಂದ ರೆಕ್ಕೆಗೆ 19ಕ್ಕೆ ಕಾಲು ಸೆಂಟಿಮೀಟರ್ ಕಡಿಮೆ. ಪೆಟ್ಟಿಗೆಯಲ್ಲಿ ಬಂದ ಕಿಟ್ ಅಲ್ಲ. ಮರ ಕೆತ್ತಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಕಟ್ಟಿದ್ದು. ಮಲ್ಲೇಶ್ವರದ ಮಹಡಿ ಕೋಣೆಯಲ್ಲಿ ಅದನ್ನು ಮೇಜಿನ ಮೇಲಿಟ್ಟಾಗ ನಮ್ಮ ಮಾದರಿ ವಿಮಾನಗಳ ಗುಂಪಿನ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಅದರ ಪೀಠಕ್ಕೆ ನನ್ನ ಹೆಸರಿನ ಫಲಕ ಹಾಕಿಸೋಣ ಎಂದಿರಿ. ನಾನು ಬೇಡವೆಂದೆ. ಸಂಕೋಚಕ್ಕೆ ಹಾಗೆಂದನೆಂದು ಕೆಲವರು ತಿಳಿದಂತಿದೆ. ಸಂಕೋಚವಲ್ಲ, ಲೆಕ್ಕ. ಈ ವಿಮಾನದಲ್ಲಿ ಯಾರ ಕೆಲಸ ಎಷ್ಟೆಂದು ನನಗೆ ಚೆನ್ನಾಗಿ ಗೊತ್ತು. ಅದನ್ನು ನಾಲ್ಕು ಜನರ ಮುಂದೆ ಹೇಳಿ ಋಣ ಒಪ್ಪಿಕೊಳ್ಳುವುದಕ್ಕಾಗಿ ಈ ಬರಹ.

ಹಿಂದಿನ ಮಳೆಗಾಲದಲ್ಲಿ ಸ್ಕೂಟರ್ ಜಾರಿ ನನ್ನ ಬಲ ಮಣಿಕಟ್ಟು ಮುರಿದದ್ದು ನಿಮಗೆಲ್ಲ ಗೊತ್ತು. ಶಸ್ತ್ರಚಿಕಿತ್ಸೆ ಮಾಡಿ ಲೋಹದ ಪಟ್ಟಿ ಕೂರಿಸಿದರು. ಬ್ಯಾಂಕಿನ ಕೆಲಸಕ್ಕೆ ಹೇಗೋ ಮರಳಿದೆ, ಕೀಬೋರ್ಡ್ ಒತ್ತುವುದಕ್ಕೆ ಬೆರಳಿದ್ದರೆ ಸಾಕು. ಆದರೆ ಚಿಮುಟದಲ್ಲಿ ಸಾಸಿವೆ ಗಾತ್ರದ ತುಂಡು ಹಿಡಿದು ಜಾಗಕ್ಕೆ ಕೂರಿಸಲು ಹೋದರೆ ಕೈ ನಡುಗುತ್ತಿತ್ತು. ವಿಮಾನದ ಒಡಲು ಅಷ್ಟರಲ್ಲಿ ಅರ್ಧ ಕೆತ್ತಿಯಾಗಿತ್ತು. ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಹಾಗೆ ಅಟ್ಟ ಸೇರಿದ್ದು ಇಳಿಯುವುದು ಅಪರೂಪ. ಈ ಹವ್ಯಾಸದವರ ಮನೆಗಳಲ್ಲಿ ಅರ್ಧಕ್ಕೆ ನಿಂತ ವಿಮಾನಗಳು ಎಷ್ಟಿರುತ್ತವೆಂದು ನಿಮಗೆ ನಾನು ಹೇಳಬೇಕಿಲ್ಲ.

ಅಟ್ಟದಿಂದ ಅದನ್ನು ಇಳಿಸಿದವಳು ನನ್ನ ಹೆಂಡತಿ. ಅವಳಿಗೆ ವಿಮಾನಗಳ ಮೇಲೆ ಅಂಥ ಒಲವೇನೂ ಇಲ್ಲ. ಸಂಜೆಯಾದರೆ ಸುಮ್ಮನೆ ಗೋಡೆ ನೋಡುತ್ತ ಕೂರುವ ಗಂಡನನ್ನು ಸಹಿಸುವುದಕ್ಕಿಂತ ಮೇಜಿನ ತುಂಬ ಮರದ ಪುಡಿ ಚೆಲ್ಲುವ ಗಂಡನೇ ಮೇಲು ಎಂದು ನಿಮ್ಮಲ್ಲೊಬ್ಬರಿಗೆ ಫೋನ್ ಮಾಡಿದಳಂತೆ. ಮುಂದಿನ ಭಾನುವಾರವೇ ನೀವು ಬಂದು ನನ್ನ ಅರ್ಧ ವಿಮಾನವನ್ನು ಪಾಲು ಮಾಡಿಕೊಂಡು ಹೊರಟಿರಿ. ಒಬ್ಬರ ಚೀಲದಲ್ಲಿ ಒಡಲು, ಇನ್ನೊಬ್ಬರ ಚೀಲದಲ್ಲಿ ರೆಕ್ಕೆ. ಮಾದರಿ ಕಟ್ಟುವ ನಮ್ಮಂಥ ಜನ ತಮ್ಮ ಮಾದರಿಯನ್ನು ಇನ್ನೊಬ್ಬರು ಮುಟ್ಟಿದರೆ ಮುಖ ಸಿಂಡರಿಸುವವರು, ನಾನೂ ಅದಕ್ಕೆ ಹೊರತಲ್ಲ. ಆ ದಿನ ಮಾತ್ರ ಬಾಗಿಲಲ್ಲಿ ನಿಂತು ನೋಡಿದೆ, ಬೇಡವೆನ್ನಬೇಕೆಂದು ಅನಿಸಲೇ ಇಲ್ಲ.

ಸ್ಪಿಟ್‌ಫೈರ್ ಅಥವಾ ಮಸ್ಟ್ಯಾಂಗ್‌ನಂಥ ಹೆಸರಾಂತ ಯುದ್ಧವಿಮಾನದ ಮಾದರಿ ಮಾಡುವವನಿಗೆ ಒಂದು ಅನುಕೂಲವಿದೆ. ಅವುಗಳ ಬಗ್ಗೆ ಪುಸ್ತಕಗಳ ರಾಶಿಯೇ ಇದೆ, ತಿರುಪು ತಿರುಪಿಗೂ ಚಿತ್ರ ಸಿಗುತ್ತದೆ. ಮಾರುತ್ ಬೆಂಗಳೂರಿನಲ್ಲೇ ಹುಟ್ಟಿದ ವಿಮಾನ. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ 1956ರಲ್ಲಿ ತಮ್ಮ ಸಂಗಡಿಗರೊಡನೆ ಇಲ್ಲಿಗೆ ಬಂದು ನಮ್ಮವರ ಜೊತೆ ಸೇರಿ ರೂಪಿಸಿದ್ದು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅದನ್ನು ಇಲ್ಲಿಯ ಆಕಾಶದಲ್ಲೇ ಮೊದಲು ಹಾರಿಸಿದರು. ಒಟ್ಟು 147 ತಯಾರಾದವು. ಇಷ್ಟಿದ್ದೂ ನಾನು ಸಂಗ್ರಹಿಸಿದ ನಕ್ಷೆಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಒಂದರಲ್ಲಿ ಮೂಗು ಚೂಪು, ಇನ್ನೊಂದರಲ್ಲಿ ಮೊಂಡು. ಆದರೆ ಬೆಂಗಳೂರಿನವರಿಗೆ ನಕ್ಷೆಗಿಂತ ದೊಡ್ಡ ಆಸ್ತಿಯೊಂದಿದೆ: ಈ ವಿಮಾನಕ್ಕೆ ಕೈಯಾರೆ ತಗಡು ಬಡಿದವರು ವಿಮಾನಪುರ, ಮುರುಗೇಶಪಾಳ್ಯ, ಕಗ್ಗದಾಸಪುರದ ಬೀದಿಗಳಲ್ಲಿ ಇವತ್ತೂ ಹಾಲು ತರಲು ಹೋಗುವಾಗ ಸಿಗುತ್ತಾರೆ.

ಹಾಗೆ ಸಿಕ್ಕವರು ಮುರುಗೇಶಪಾಳ್ಯದ ಯಜಮಾನರು. ಹೆಸರು ಬರೆಯಬೇಡಿ ಎಂದಿದ್ದಾರೆ, ಹಾಗಾಗಿ ಯಜಮಾನರು ಎಂದೇ ಇರಲಿ. 1970ರ ದಶಕದಲ್ಲಿ ಎಚ್‌ಎಎಲ್‌ನಲ್ಲಿ ತಗಡಿನ ಕೆಲಸ ಮಾಡುತ್ತಿದ್ದವರು. ನಮ್ಮ ಗುಂಪಿನ ಒಬ್ಬರಿಗೆ ಸೋದರಮಾವ. ಒಡಲನ್ನು ಅವರ ಮುಂದಿಟ್ಟಾಗ ಅವರು ಮೊದಲು ಕೇಳಿದ್ದು ಕನ್ನಡಕ, ಆಮೇಲೆ ಹಳೆಯ ಲಗ್ನಪತ್ರಿಕೆ. ಲಗ್ನಪತ್ರಿಕೆಯ ದಪ್ಪ ರಟ್ಟನ್ನು ಮನೆಯ ಕತ್ತರಿಯಲ್ಲಿ ಕತ್ತರಿಸಿ ಒಡಲಿನ ನಡುಭಾಗಕ್ಕೆ ಹಿಡಿದರು. ರಟ್ಟಿಗೂ ಮರಕ್ಕೂ ನಡುವೆ ಬೆಳಕು ತೂರುತ್ತಿತ್ತು. "ಸೊಂಟ ಇನ್ನೂ ಸಣ್ಣಗಾಗಬೇಕು. ಸೊಂಟ ಬಿಟ್ಟರೆ ಅದು ಮಾರುತ್ ಅಲ್ಲ, ಬೇರೆ ಏನೋ" ಎಂದರು.

ಆ ಸೊಂಟ ಅಂದಕ್ಕೆ ಮಾಡಿದ್ದಲ್ಲ. ಶಬ್ದದ ವೇಗದ ಸಮೀಪಕ್ಕೆ ಬಂದ ವಿಮಾನಕ್ಕೆ ಗಾಳಿಯ ತಡೆ ಒಮ್ಮೆಲೇ ಏರುತ್ತದೆ. ಮೂಗಿನಿಂದ ಬಾಲದವರೆಗೆ ಅದರ ಅಡ್ಡಕೊಯ್ತದ ಒಟ್ಟು ವಿಸ್ತೀರ್ಣ ದಿಢೀರನೆ ಹಿಗ್ಗದೆ ಕುಗ್ಗದೆ ನಿಧಾನವಾಗಿ ಬದಲಾದರೆ ಆ ತಡೆ ಕಡಿಮೆ. ರೆಕ್ಕೆ ಶುರುವಾಗುವಲ್ಲಿ ವಿಸ್ತೀರ್ಣ ಹೆಚ್ಚುತ್ತದಲ್ಲ, ಅದನ್ನು ಸರಿದೂಗಿಸಲು ಅಲ್ಲಿ ಒಡಲನ್ನು ಹಿಂಡುತ್ತಾರೆ. ಯಜಮಾನರು ಇದನ್ನು ಯಾವ ಸೂತ್ರವೂ ಇಲ್ಲದೆ, ಎರಡು ಅಂಗೈಗಳ ನಡುವೆ ಮರವನ್ನು ಹಿಡಿದು ವಿವರಿಸಿದರು. ನಾನು ಓದಿಕೊಂಡಿದ್ದೆ, ಆದರೆ ಅರ್ಥವಾದದ್ದು ಅವತ್ತು.

ನಾನು ಮರದಲ್ಲಿ ಮಾಡುತ್ತಿರುವುದರ ಬಗ್ಗೆ ಅವರಿಗೆ ಏನೂ ತಕರಾರಿರಲಿಲ್ಲ. ಮಾರುತ್ ಮೊದಲು ಆಕಾಶ ಕಂಡದ್ದೇ ಮರದಲ್ಲಿ ಎಂದು ನೆನಪಿಸಿದರು. ನಿಜ. ಎಂಜಿನ್ ಇರುವ ವಿಮಾನ ತಯಾರಾಗುವ ಮೊದಲೇ, 1959ರಲ್ಲಿ, ಅದೇ ಆಕಾರದ ಪೂರ್ಣ ಗಾತ್ರದ ಮರದ ಗ್ಲೈಡರ್ ಕಟ್ಟಿ, ಡಕೋಟ ವಿಮಾನಕ್ಕೆ ಹಗ್ಗ ಕಟ್ಟಿ ಎಳೆಸಿ, ಮೇಲೆ ಬಿಟ್ಟು ಹಾರಿಸಿ ನೋಡಿದ್ದರು. ಆಗ ಇವರು ಇನ್ನೂ ಹುಡುಗ. ಹಿರಿಯರ ಬಾಯಿಂದ ಕೇಳಿದ್ದು. "ಟ್ಯಾಂಕ್ ಸಾಹೇಬರೇ ಮಾದರಿಯಿಂದ ಶುರು ಮಾಡಿದ್ದು. ನಿಮ್ಮದು ಸ್ವಲ್ಪ ಚಿಕ್ಕದು, ಅಷ್ಟೇ" ಎಂದು ನಕ್ಕರು.

ಕೈಗೆ ಪಟ್ಟಿ ಕಟ್ಟಿಕೊಂಡೇ ಅವರ ಜೊತೆ ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತು ಸಂಗ್ರಹಾಲಯಕ್ಕೆ ಹೋಗಿದ್ದೆ. ಅಲ್ಲಿರುವ ಮಾರುತ್ ಎದುರು ಬೇರೆಯವರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಇವರು ಬಗ್ಗಿ ಗಾಳಿ ಒಳಹೋಗುವ ಬಾಯಿಗಳನ್ನು ನೋಡಿದರು. ಎರಡೂ ಪಕ್ಕದ ಬಾಯಿಗಳಲ್ಲಿ ಒಂದೊಂದು ಅರ್ಧ ಶಂಕು ಕೂತಿರುತ್ತದೆ, ವೇಗದಲ್ಲಿ ನುಗ್ಗುವ ಗಾಳಿಯನ್ನು ಎಂಜಿನ್ನಿಗೆ ಹದ ಮಾಡಿ ಕಳಿಸುವುದು ಅದರ ಕೆಲಸ. ಯಾವ ಮುಚ್ಚಳ ಸಲೀಸಾಗಿ ಕೂರುತ್ತಿತ್ತು, ಯಾವುದು ಸತಾಯಿಸುತ್ತಿತ್ತು ಎಂಬುದೆಲ್ಲ ಅವರಿಗೆ ಇನ್ನೂ ನೆನಪಿದೆ. ಮಾರುತ್ ಸೋತ ವಿಮಾನ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಮಾಧಾನ. ಶಬ್ದದ ಎರಡು ಪಟ್ಟು ವೇಗಕ್ಕೆಂದು ಹೊಲಿದ ಅಂಗಿ ಅದು. ಅದಕ್ಕೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ, ಎರಡು ಆರ್ಫಿಯಸ್ 703ಗಳಲ್ಲೇ ಕಾಲ ಹಾಕಿತು. 1971ರ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿ ದುಡಿದದ್ದೂ ಅದೇ ಎಂಜಿನ್‌ಗಳಲ್ಲಿ. ಆ ತಗಡು ಬಡಿದವರ ಪಕ್ಕದಲ್ಲಿ ನಿಂತು ನೋಡಿದ ಮೇಲೆ ನನ್ನ ಅಸಮಾಧಾನ ಇನ್ನಷ್ಟು ಗಟ್ಟಿಯಾಗಿದೆ.

ಚಕ್ರದ ಗೂಡಿನ ಒಳಭಾಗ ಮಾತ್ರ ಇಲ್ಲಿ ಸರಿಯಾಗಿ ಕಾಣಲಿಲ್ಲ. ಮ್ಯೂನಿಕ್ ಸಮೀಪದ ಶ್ಲೈಸ್‌ಹೈಮ್‌ನಲ್ಲಿ, ಡಾಯ್ಚಸ್ ಮ್ಯೂಸಿಯಂನ ಶಾಖೆಯಲ್ಲಿ ಒಂದು ಮಾರುತ್ ಇದೆ. ಜರ್ಮನಿಯಲ್ಲಿ ಕೆಲಸದಲ್ಲಿರುವ, ನಮ್ಮಲ್ಲೊಬ್ಬರ ತಂಗಿ ಒಂದು ರಜಾದಿನವನ್ನೇ ಅದಕ್ಕೆ ಮೀಸಲಿಟ್ಟು ಫೋಟೊ ತೆಗೆದು ಕಳಿಸಿದರು. ಬೆಂಗಳೂರಿನ ವಿಮಾನದ ಹೊಟ್ಟೆ ನೋಡಲು ಜರ್ಮನಿಯ ನೆರವು ಬೇಕಾಯಿತು! ತಂಗಿ, ನಿಮ್ಮ ಮುಖ ನೋಡಿಲ್ಲ, ನಮಸ್ಕಾರ.

ಕಾಕ್‌ಪಿಟ್‌ನ ಗಾಜಿನ ಮುಚ್ಚಳದ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅದರಲ್ಲಿ ನನ್ನ ಕೆಲಸ ಸೊನ್ನೆ. ಬನಶಂಕರಿಯ ಎಂಜಿನಿಯರಿಂಗ್ ವಿದ್ಯಾರ್ಥಿನಿ, ನಮ್ಮ ಗುಂಪಿನಲ್ಲಿ ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಅದನ್ನು ತನ್ನ ಅಜ್ಜಿಯ ಅಡುಗೆಮನೆಯಲ್ಲಿ ಮಾಡಿದಳು. ಮುಚ್ಚಳದ ಆಕಾರದ ಅಚ್ಚನ್ನು ಮರದಲ್ಲಿ ಕೆತ್ತಿ, ಅದಕ್ಕೆ ಪುಟ್ಟಿ ಬಳಿದು, ಉಜ್ಜಿ, ಮತ್ತೆ ಬಳಿದು, ಮರದ ಎಳೆ ಒಂದೂ ಉಳಿಯದಂತೆ ನುಣುಪು ಮಾಡಿಕೊಂಡಳು. ಎಳೆ ಉಳಿದರೆ ಪ್ಲಾಸ್ಟಿಕ್ ಅದನ್ನು ಹಾಗೆಯೇ ಅಚ್ಚೊತ್ತಿಕೊಳ್ಳುತ್ತದೆ. ದಪ್ಪ ಪ್ಲೈವುಡ್ ತುಂಡಿನಲ್ಲಿ ಅಚ್ಚಿಗಿಂತ ಒಂದಿಷ್ಟು ದೊಡ್ಡ ಕಿಂಡಿ. ಆ ಕಿಂಡಿಯ ಮೇಲೆ ಸಿಹಿತಿಂಡಿ ಡಬ್ಬಿಯ ಪಾರದರ್ಶಕ ಮುಚ್ಚಳವನ್ನು ಗುಂಡುಸೂಜಿಗಳಿಂದ ಬಿಗಿದು ಒಲೆಯ ಉರಿಯಿಂದ ದೂರ ಹಿಡಿಯಬೇಕು. ಮೊದಲು ಹಾಳೆ ಅಲೆಅಲೆಯಾಗಿ ಸುಕ್ಕಾಗುತ್ತದೆ, ಆಮೇಲೆ ತಾನೇ ನೆಟ್ಟಗಾಗಿ ನಡುವೆ ತುಸು ಜೋಲುತ್ತದೆ. ಅದೇ ಹದ. ಆಗಲೇ ಅಚ್ಚಿನ ಮೇಲೆ ಒಂದೇ ಏಟಿಗೆ ಒತ್ತಬೇಕು. ಒಂದು ಕ್ಷಣ ಹೆಚ್ಚು ಕಾಯಿಸಿದರೂ ಹಾಳೆ ಮಂಜಾಗಿ ಬಿಳುಪೇರುತ್ತದೆ, ಎಸೆಯುವುದೇ ಗತಿ. ಆ ಮನೆಯಲ್ಲಿ ಹಬ್ಬದ ಡಬ್ಬಿಗಳೆಲ್ಲ ಮುಚ್ಚಳ ಕಳೆದುಕೊಂಡ ಮೇಲೆ ಒಂದು ಗಾಜಿನಂತೆ ಬಂತು. ಡಬ್ಬಿ ಕೊಟ್ಟ ಅಜ್ಜಿಗೂ ಸೇರಿಸಿ ಹೇಳುತ್ತಿದ್ದೇನೆ ಮಗಳೇ, ನಿನ್ನ ಕೈಗೆ ಶರಣು.

ಇನ್ನು ಕೆಲವರನ್ನು ಚುಟುಕಾಗಿಯಾದರೂ ನೆನೆಯಲೇಬೇಕು. ಹಲ್ಲು ಕೆರೆದು ಸವೆದ ತಮ್ಮ ಉಪಕರಣಗಳನ್ನು ಎಸೆಯದೆ ಎತ್ತಿಟ್ಟು ಕೊಟ್ಟ ದಂತವೈದ್ಯರು. ತಗಡಿನ ಜೋಡಣೆಯ ಗೆರೆಗಳನ್ನು ಗೀರಲು ಅವಕ್ಕಿಂತ ಒಳ್ಳೆಯ ಸಾಧನ ಯಾವ ಅಂಗಡಿಯಲ್ಲೂ ಇಲ್ಲ. ಚನ್ನಪಟ್ಟಣದಿಂದ ಒಣಗಿದ ಹಾಲೆ ಮರದ ತುಂಡು ತಂದ ಸಹೋದ್ಯೋಗಿ. ಗೊಂಬೆಗೆ ಒದಗುವ ಆ ಮೆತ್ತನೆಯ ಮರ ವಿಮಾನಕ್ಕೂ ಒದಗಿತು.

ಸುಲ್ತಾನ್‌ಪೇಟೆಯ ಸ್ಕ್ರೀನ್ ಪ್ರಿಂಟಿಂಗ್‌ನವರಿಗೆ ಮಾತ್ರ ಒಂದು ಸಾಲು ಸಾಲದು. ವಾಯುಪಡೆಯ ಗುರುತಿನಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು ಇರುತ್ತದೆ. ಮನೆಯ ಪ್ರಿಂಟರ್ ಬಿಳಿಯನ್ನು ಮುದ್ರಿಸುವುದಿಲ್ಲ, ಅದಕ್ಕೆ ಬಿಳಿಯೆಂದರೆ ಕಾಗದದ ಬಣ್ಣ ಅಷ್ಟೇ. ಗುರುತುಗಳನ್ನು ಮುದ್ರಿಸಿ ಮಾದರಿಗೆ ಅಂಟಿಸುವ ಡೀಕಲ್ ಹಾಳೆ ಪಾರದರ್ಶಕವಾದ್ದರಿಂದ ನಮ್ಮ ಗುರುತಿನ ನಡುವೆ ವಿಮಾನದ ಬಣ್ಣವೇ ಇಣುಕುತ್ತಿತ್ತು. ಮದುವೆಯ ಕಾಲ, ಅವರ ಮಳಿಗೆಯಲ್ಲಿ ಲಗ್ನಪತ್ರಿಕೆಗಳು ಆಳೆತ್ತರ ಪೇರಿಸಿದ್ದವು. ಆದರೂ ಮೂರು ಬಣ್ಣಕ್ಕೆ ಮೂರು ಜಾಲರಿ ಮಾಡಿ ನಾಣ್ಯಕ್ಕಿಂತ ಚಿಕ್ಕ ಚಕ್ರಗಳನ್ನು ಒಂದರ ಮೇಲೊಂದು ಕೂದಲಿನಷ್ಟೂ ಸರಿಯದಂತೆ ಒತ್ತಿಕೊಟ್ಟರು. ಹಣ ಕೊಡಲು ಹೋದರೆ, "ಮದುವೆ ವಿಮಾನದ್ದೇ ತಾನೇ, ಮುಯ್ಯಿ ಅಂದುಕೊಳ್ಳಿ" ಎಂದರು.

ಬಣ್ಣದ ವಿಷಯದಲ್ಲಿ ನಮ್ಮೆಲ್ಲರನ್ನೂ ತಡೆದು ನಿಲ್ಲಿಸಿದವರು ನಮ್ಮ ಗುಂಪಿನ ರಾಜಾಜಿನಗರದವರು. ಮಳೆ ಹಿಡಿದ ವಾರದಲ್ಲಿ ಲ್ಯಾಕರ್ ಬಣ್ಣ ಹೊಡೆದರೆ ಥಿನ್ನರ್ ಬೇಗ ಆರಿ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂತು ಬಣ್ಣದ ಮೇಲೆ ಬೂದಿ ಎರಚಿದಂತಾಗುತ್ತದೆ. ಏರ್‌ಬ್ರಷ್ ಅವರದು, ಬೀಗದ ಕೈಯೂ ಅವರದು. ಚಳಿಗಾಲ ಬಂದು ಗಾಳಿ ಒಣಗುವವರೆಗೆ ಅವರು ಪ್ರೈಮರ್ ಡಬ್ಬಿಯನ್ನೂ ತೆರೆಯಲು ಬಿಡಲಿಲ್ಲ. ಮೇಲೆ ಹಸಿರು–ಬೂದು, ಕೆಳಗೆ ತಿಳಿ ಬಣ್ಣ ಈಗ ಹೇಗೆ ಕೂತಿದೆಯೆಂದು ನೀವೇ ನೋಡಿದ್ದೀರಿ. ಮೂಗಿನ ತುದಿಯಲ್ಲಿ ವೇಗ ಅಳೆಯಲು ಇರುವ ಪಿಟೊ ಕೊಳವೆಯನ್ನು ಮಾತ್ರ ನನಗೆಂದು ಬಿಟ್ಟಿದ್ದರು. ಇಂಜೆಕ್ಷನ್ ಸೂಜಿಯನ್ನು ಕತ್ತರಿಸಿ, ಅದನ್ನೂ ಚಿಮುಟವನ್ನೂ ನನ್ನ ಮುಂದಿಟ್ಟು ಚಹಾ ತರುತ್ತೇನೆಂದು ಎದ್ದು ಹೋದರು. ಚಹಾ ಬರುವಷ್ಟರಲ್ಲಿ ಕೊಳವೆ ನೆಟ್ಟಗೆ ಕೂತಿತ್ತು.

ಭಾನುವಾರ ಯಜಮಾನರೂ ಬಂದಿದ್ದರಲ್ಲ. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದೆವು. ಅವರು ಮಾದರಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಎಲ್ಲ ಸರಿ. ಆದರೆ ರಿವೆಟ್ ಎದ್ದು ಕಾಣುತ್ತಿದೆ. ನಾವು ಇಷ್ಟು ಕೆಟ್ಟದಾಗಿ ಹೊಡೆಯುತ್ತಿರಲಿಲ್ಲ" ಎಂದರು. ಈ ವಿಮಾನಕ್ಕೆ ಸಿಕ್ಕ ಮಾತುಗಳಲ್ಲಿ ನಾನು ಬರೆದಿಟ್ಟುಕೊಂಡಿರುವುದು ಅದೊಂದನ್ನೇ.

ಮಾದರಿ ಸದ್ಯ ವಿಮಾನಪುರದ ಒಂದು ಶಾಲೆಯ ವಿಜ್ಞಾನ ಕೋಣೆಯಲ್ಲಿರುತ್ತದೆ. ಅಲ್ಲಿಗೆ ಬರುವ ಮಕ್ಕಳಲ್ಲಿ ಅನೇಕರು ದಿನವೂ ಸುರಂಜನ್ ದಾಸ್ ರಸ್ತೆಯ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡೇ ಬರುತ್ತಾರೆ. 1970ರ ಜನವರಿಯಲ್ಲಿ ಇದೇ ಮಾರುತ್‌ನ ಸುಧಾರಿತ ಆವೃತ್ತಿಯನ್ನು ಪರೀಕ್ಷಿಸುತ್ತಿದ್ದಾಗ ಅಪಘಾತದಲ್ಲಿ ತೀರಿಕೊಂಡವರ ಹೆಸರು ಅದು ಎಂದು ಪೀಠದ ಫಲಕದಲ್ಲಿ ಬರೆಸಿದ್ದೇವೆ. ಉಳಿದ ಜಾಗದಲ್ಲಿ ನಿಮ್ಮೆಲ್ಲರ ಕೆಲಸಗಳ ಪಟ್ಟಿ ಇದೆ, ಹೆಸರು ಬೇಡವೆಂದವರ ಕೆಲಸ ಮಾತ್ರ.

ರಟ್ಟಿನ ಅಚ್ಚುಗಳು, ಅಳತೆಗಳು, ಶ್ಲೈಸ್‌ಹೈಮ್‌ನ ಫೋಟೊಗಳು ನನ್ನಲ್ಲಿವೆ. ಮಾರುತ್ ಮಾಡಬೇಕೆನ್ನುವವರು ಯಾರೇ ಆಗಲಿ, ಬಂದು ತೆಗೆದುಕೊಂಡು ಹೋಗಬಹುದು. ನನ್ನ ಕೈ ಈಗ ಪರವಾಗಿಲ್ಲ. ಮುಂದಿನದು ಕಿರಣ್ ಎಂದುಕೊಂಡಿದ್ದೇವೆ, 1964ರಲ್ಲಿ ಮೊದಲು ಹಾರಿದ ನಮ್ಮ ತರಬೇತಿ ವಿಮಾನ. ನಿಮ್ಮ ಬೀದಿಯಲ್ಲಿ ಕಿರಣ್ ಮೇಲೆ ಕೆಲಸ ಮಾಡಿದ ಹಿರಿಯರು ಯಾರಾದರೂ ಇದ್ದರೆ ತಿಳಿಸಿ. ಹಳೆಯ ಲಗ್ನಪತ್ರಿಕೆ ನಾವೇ ತರುತ್ತೇವೆ.