ಮಗಳಿಗೊಂದು ಪತ್ರ: ಎರಡು ಚೌಕಗಳ ನಡುವಿನ ಜಾಗ

ಮಗಳೇ,

ಶಾಲೆಗೆ ಹೋಗಿ ಮಕ್ಕಳಿಗೆ ಕಾಮಿಕ್ಸ್ ಹೇಳಿಕೊಡಲು ಒಪ್ಪಿಕೊಂಡೆಯಲ್ಲ, ಬಹಳ ಸಂತೋಷವಾಯಿತು. ಈ ಕಲೆಗೂ ಶಾಲೆಗೂ ಹಳೆಯ ನಂಟು. 1830ರ ದಶಕದಲ್ಲಿ ಚಿತ್ರಕಥೆಗಳನ್ನು ಅಚ್ಚು ಹಾಕಿಸಿದ ಜಿನೀವಾದ ರೊಡಾಲ್ಫ್ ಟಾಪ್ಫರ್ ಕೂಡ ಮೇಷ್ಟ್ರೇ.

ನಿನಗೆ ಸಿಗುವುದು ಹೆಚ್ಚೆಂದರೆ ಒಂದೂವರೆ ಗಂಟೆ. ಅಷ್ಟರಲ್ಲಿ ಚಿತ್ರ ಬಿಡಿಸುವುದನ್ನು ಕಲಿಸಲಾಗದು, ಕಲಿಸಲೂ ಹೋಗಬೇಡ. ಯಾವ ಗಳಿಗೆಯನ್ನು ತೋರಿಸಬೇಕು, ಯಾವುದನ್ನು ಓದುವವರಿಗೇ ಬಿಡಬೇಕು ಎಂಬುದಷ್ಟನ್ನು ಹಿಡಿದುಕೋ. ಬೋರ್ಡಿನ ಮೇಲೆ ಎರಡು ಚೌಕ ಬರೆ. ಮೊದಲನೆಯದರಲ್ಲಿ ಮೇಜಿನ ಅಂಚಿಗೆ ಬಂದ ಲೋಟ, ಎರಡನೆಯದರಲ್ಲಿ ನೆಲದ ಮೇಲೆ ಗಾಜಿನ ಚೂರು. ಏನಾಯಿತು ಎಂದು ಕೇಳಿದರೆ "ಬಿತ್ತು" ಎಂದು ಎಲ್ಲರೂ ಕೂಗುತ್ತಾರೆ. ಬಿದ್ದದ್ದನ್ನು ನಾನು ಎಲ್ಲಿ ಬರೆದಿದ್ದೇನೆ ತೋರಿಸಿ ಅನ್ನು. ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ. ಅವಸರಪಡದೆ ಆ ಮೌನವನ್ನು ಹಾಗೇ ಇರಗೊಡು. ಆಮೇಲೆ ಎರಡರ ನಡುವೆ ಬೆಕ್ಕಿನ ಬಾಲವಿರುವ ಒಂದು ಚೌಕ ಸೇರಿಸು. ಅದನ್ನು ಅಳಿಸಿ ಮಗುವಿನ ಕೈ ಬರೆ. ಕಥೆ ಬದಲಾಗುವುದನ್ನು ಅವರೇ ಹೇಳುತ್ತಾರೆ.

ಆಮೇಲೆ ಒಬ್ಬೊಬ್ಬರಿಂದ ಒಂದು ಪುಟ್ಟ ಕಾಮಿಕ್ಸ್ ಪುಸ್ತಕ ಮಾಡಿಸು. ಅದರ ಪಾತ್ರ ಹತ್ತು ಸೆಕೆಂಡಿನಲ್ಲಿ ಬರೆಯುವಂತಿರಲಿ. ಆರು ಪುಟದಲ್ಲಿ ಅದೇ ಮುಖ ಮತ್ತೆ ಮತ್ತೆ ಬರಬೇಕಲ್ಲ, ಅಂಗಿಯ ಚೌಕಳಿ, ಗುಂಗುರು ಕೂದಲು ಎಂದು ಶುರುಮಾಡಿದವರು ಎರಡನೇ ಪುಟಕ್ಕೇ ಸುಸ್ತಾಗುತ್ತಾರೆ. ದುಂಡು ತಲೆ, ಗುರುತಿಗೆ ಟೋಪಿಯೋ ಜಡೆಯೋ ಒಂದಿದ್ದರೆ ಸಾಕು.

ಪುಸ್ತಕಕ್ಕೆ ಒಬ್ಬೊಬ್ಬರಿಗೆ ಒಂದು ಎ4 ಹಾಳೆ, ಹಾಳು ಮಾಡಿಕೊಂಡವರಿಗೆಂದು ಇನ್ನೂ ಹತ್ತು. ಮೂರು ಸಲ ಅರ್ಧಕ್ಕೆ ಮಡಚಿ ಬಿಚ್ಚಿದರೆ ಎಂಟು ಭಾಗ, ಒಂದೊಂದೂ 74 ಮಿ.ಮೀ. ಅಗಲ, 105 ಮಿ.ಮೀ. ಎತ್ತರ. ಈಗ ಗಿಡ್ಡ ಅಂಚುಗಳು ಕೂಡುವಂತೆ ಅರ್ಧಕ್ಕೆ ಮಡಚಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಮುಂದಿನ ಅಡ್ಡಗೆರೆಯವರೆಗೆ ಕತ್ತರಿಸಬೇಕು. ಇಲ್ಲೇ ಎಡವಟ್ಟಾಗುವುದು: ಬಿಚ್ಚಿದ ಅಂಚಿನಿಂದ ಕತ್ತರಿ ಹಾಕಿದರೆ ಪುಸ್ತಕವೇ ಆಗುವುದಿಲ್ಲ. ಮತ್ತೆ ಬಿಚ್ಚಿ, ಉದ್ದಕ್ಕೆ ಮಡಚಿ, ಎರಡೂ ತುದಿಗಳನ್ನು ಒಳಕ್ಕೆ ಒತ್ತಿದರೆ ಸೀಳು ಬಾಯಿಬಿಟ್ಟು ಪುಟಗಳು ಕೂಡಿಕೊಳ್ಳುತ್ತವೆ. ಮೊದಲು ಮಡಚಿ, ಪೆನ್ಸಿಲಿನಲ್ಲಿ 1ರಿಂದ 8 ಬರೆಸಿ, ಆಮೇಲೆ ಚಿತ್ರ. ಬಿಡಿ ಹಾಳೆಯ ಮೇಲೆ ನೇರವಾಗಿ ಬರೆದರೆ ಅರ್ಧ ಪುಟಗಳು ತಲೆಕೆಳಗಾಗುತ್ತವೆ. ಎರಡು ರಕ್ಷಾಪುಟ ಬಿಟ್ಟರೆ ಕಥೆಗೆ ಉಳಿಯುವುದು ಆರು. ಕೊನೆಯ ಪುಟವನ್ನು ಮೊದಲು ಯೋಚಿಸಲು ಹೇಳು. ಇಲ್ಲದಿದ್ದರೆ ನಾಯಕ ಹಾಸಿಗೆಯಿಂದ ಎದ್ದು ಹಲ್ಲುಜ್ಜುವುದರಲ್ಲೇ ನಾಲ್ಕು ಪುಟ ಮುಗಿದುಹೋಗುತ್ತದೆ.

ಮಾತಿನ ಗುಳ್ಳೆಯ ವಿಷಯದಲ್ಲಿ ಹಟ ಹಿಡಿ. ಮೊದಲು ಅಕ್ಷರ, ಆಮೇಲೆ ಸುತ್ತ ಗುಳ್ಳೆ, ಕೊನೆಗೆ ಚಿತ್ರ. ಗುಳ್ಳೆ ಮೊದಲು ಬರೆದರೆ ಕೊನೆಯ ಪದ ಗೋಡೆಗೆ ಒತ್ತಿಕೊಳ್ಳುತ್ತದೆ. ಕನ್ನಡಕ್ಕೆ ಇನ್ನೊಂದು ಎಚ್ಚರ ಬೇಕು: ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಜಾಗ ಬಿಡಿಸು. ಮೊದಲು ಮಾತಾಡುವವರು ಎಡಕ್ಕೆ ನಿಲ್ಲಲಿ, ಅವರ ಗುಳ್ಳೆ ಮೇಲಿರಲಿ. ಇಲ್ಲವಾದರೆ ಗುಳ್ಳೆಯಿಂದ ಮಾತಾಡುವವರ ಬಾಯಿಯ ಕಡೆಗೆ ಇಳಿಯುವ ಬಾಲಗಳು ಒಂದನ್ನೊಂದು ದಾಟುತ್ತವೆ, ಉತ್ತರ ಪ್ರಶ್ನೆಗಿಂತ ಮುಂಚೆ ಓದಿಸಿಕೊಳ್ಳುತ್ತದೆ. ಸದ್ದಿಗೆ ವ್ಯಾಕರಣದ ಪಾಠದ ಅನುಕರಣಾವ್ಯಯಗಳನ್ನು ನೆನಪಿಸು. ಧೊಪ್ಪನೆ, ಸರಸರ, ಧಗಧಗ: ಇಷ್ಟು ಶ್ರೀಮಂತ ಭಂಡಾರ ನಮ್ಮಲ್ಲೇ ಇರುವಾಗ ಇಂಗ್ಲಿಷ್ ಸದ್ದುಗಳೇಕೆ?

ಯಾರ ಚಿತ್ರವನ್ನೂ ನಿನ್ನ ಕೈಯಿಂದ ತಿದ್ದಬೇಡ. ನಿನ್ನ ಒಂದು ಗೆರೆ ಬಿದ್ದರೂ ಆ ಮಗುವಿಗೆ ಅದು ತನ್ನ ಪುಸ್ತಕವಲ್ಲ. ತೋರಿಸಲೇಬೇಕಿದ್ದರೆ ಬೇರೆ ಚೀಟಿಯಲ್ಲಿ ತೋರಿಸು.

ಹಾಳೆ ಬಿಚ್ಚಿದರೆ ಚಿತ್ರವೆಲ್ಲ ಒಂದೇ ಮಗ್ಗುಲಿಗೆ ಇರುತ್ತದೆ, ಹಾಗಾಗಿ ಒಂದೇ ಜೆರಾಕ್ಸ್‌ನಲ್ಲಿ ಇಡೀ ಪುಸ್ತಕ ಬರುತ್ತದೆ. ತೆಳು ಪೆನ್ಸಿಲ್ ಗೆರೆ ಅದರಲ್ಲಿ ಮಾಯವಾಗುವುದರಿಂದ ಕಪ್ಪು ಬಾಲ್‌ಪೆನ್ನಿನಲ್ಲಿ ತಿದ್ದಿಸು; ಸ್ಕೆಚ್ ಪೆನ್ ಬೇಡ, ತೆಳು ಹಾಳೆಯಲ್ಲಿ ಹರಡುತ್ತದೆ. ಹಾಳೆಯ ಸುತ್ತ 5 ಮಿ.ಮೀ. ಖಾಲಿ ಬಿಡಿಸಲು ಮರೆಯಬೇಡ, ಯಂತ್ರ ಅಂಚನ್ನು ನುಂಗುತ್ತದೆ.

ಪ್ರೀತಿಯಿಂದ,
ಅಪ್ಪ