ಟಿನಿಯನ್‌ನಲ್ಲಿ ಕಬ್ಬು ಬೆಳೀತಿದ್ದೋರ ಬಗ್ಗೆನೂ ಬರೀರಿ

ಸಂಪಾದಕರಿಗೆ ನಮಸ್ಕಾರ,

ಹಿರೋಷಿಮಾ ದಿನಕ್ಕೆ ನಿಮ್ಮ ಪತ್ರಿಕೇಲಿ ಬಂದಿದ್ದ ಲೇಖನ ಓದ್ದೆ, ಚೆನ್ನಾಗಿತ್ತು. ಆದ್ರೆ ಬಾಂಬ್ ಹೊತ್ತ ವಿಮಾನ ಪೆಸಿಫಿಕ್‌ನ ಟಿನಿಯನ್ ಅನ್ನೋ ಪುಟ್ಟ ದ್ವೀಪದಿಂದ ಹೊರಟಿತು ಅಂತ ಒಂದೇ ಸಾಲು ಬರ್ದು ಅಲ್ಲಿಗೇ ಬಿಟ್ಟಿದ್ದೀರ. ಓದಿದೋರಿಗೆ ಅದೇನೋ ಯಾರೂ ಇಲ್ದಿರೋ ದ್ವೀಪ, ವಿಮಾನ ಇಳಿಸೋಕೇ ಇದ್ದಿದ್ದು ಅನ್ಸುತ್ತೆ. 1944ರ ತನಕ ಆ ದ್ವೀಪದ ತುಂಬಾ ಕಬ್ಬಿನ ಗದ್ದೆಗಳಿದ್ವು ಸಾರ್, ಸಾವಿರಾರು ಸಂಸಾರ ಇತ್ತು, ಮಕ್ಕಳು ಸ್ಕೂಲಿಗೆ ಹೋಗ್ತಿದ್ರು.

ಟಿನಿಯನ್ನೂ ಅದರ ಸುತ್ತಮುತ್ತಲ ದ್ವೀಪಗಳೂ ಮೊದಲು ಜರ್ಮನಿ ಕೈಲಿದ್ವು, 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗ್ತಿದ್ದಂಗೆ ಜಪಾನ್ ನೌಕಾಪಡೆ ಬಂದು ಹಿಡ್ಕೊಂಡ್ತು, ಆಮೇಲೆ ರಾಷ್ಟ್ರಸಂಘ ಅದನ್ನ ಜಪಾನ್‌ಗೇ ವಹಿಸ್ತು, 1922ರಲ್ಲಿ ಪಲಾವು ದ್ವೀಪದ ಕೊರೊರ್‌ನಲ್ಲಿ ಸರ್ಕಾರದ ಕಚೇರಿನೂ ಬಂತು. ಮೊದಲು ಬಂದ ಕಂಪನಿಗಳು ಮುಳುಗಿ, ಕೆಲಸಕ್ಕೆ ಕರ್ಕೊಂಡು ಬಂದಿದ್ದ ಜನ ಟಿನಿಯನ್ ಪಕ್ಕದ ಸೈಪಾನ್ ದ್ವೀಪದಲ್ಲಿ ಊಟಕ್ಕಿಲ್ದೆ ಸಿಕ್ಕಾಕೊಂಡಿದ್ರು. ಅಮೆರಿಕಾದ ಲೂಯಿಸಿಯಾನದಲ್ಲಿ ಸಕ್ಕರೆ ತಯಾರಿಕೆ ಕಲ್ತು ಬಂದಿದ್ದ ಮತ್ಸುಎ ಹರುಜಿ ಅನ್ನೋರು 1921ರಲ್ಲಿ ಹೊಸ ಕಂಪನಿ ಕಟ್ಟಿ, ಕಾಡು ಕಡ್ಸಿ, ಕಬ್ಬು ಹಾಕ್ಸಿ, ಅದನ್ನ ಸಾಗ್ಸೋಕೆ ಪುಟಾಣಿ ರೈಲೂ ಬಿಟ್ರು. ಸೈಪಾನ್‌ನ ಗರಪಾನ್‌ನಲ್ಲಿ ಅವರ ಪ್ರತಿಮೆ ಇವತ್ತಿಗೂ ನಿಂತಿದೆ, ಯುದ್ಧದಲ್ಲಿ ಆ ಊರೇ ನೆಲಸಮ ಆದ್ರೂ ಅದು ಉಳ್ಕೊಂಡಿದೆ.

ಪ್ರತಿಮೆ ಅವರೊಬ್ಬರದ್ದು, ಬೆವರು ಮಾತ್ರ ಜಪಾನ್‌ನ ದಕ್ಷಿಣದ ಒಕಿನಾವಾ ದ್ವೀಪಗಳೋರದ್ದು. ವಲಸೆ ಬಂದೋರಲ್ಲಿ ಅರ್ಧಕ್ಕಿಂತ ಜಾಸ್ತಿ ಅವರೇ. 1920ರಲ್ಲಿ ಸಕ್ಕರೆ ರೇಟ್ ಬಿದ್ಹೋಗಿ ಒಕಿನಾವಾದಲ್ಲಿ ಎಂಥ ಬರಗಾಲ ಬಂತು ಅಂದ್ರೆ ಜನ ಸೊತೆತ್ಸು ಅನ್ನೋ ಗಿಡದ ಕಾಂಡ ಕಡ್ದು, ಅದ್ರಲ್ಲಿ ವಿಷ ಇರೋದ್ರಿಂದ ಮತ್ತೆ ಮತ್ತೆ ನೀರಲ್ಲಿ ನೆನೆಸಿ, ತೊಳ್ದು, ಒಣಗ್ಸಿ, ಹಿಟ್ಟು ಮಾಡಿ ತಿಂತಿದ್ರು, ತೊಳೆಯೋದು ಸ್ವಲ್ಪ ಕಮ್ಮಿ ಆದ್ರೂ ಜೀವಕ್ಕೇ ಅಪಾಯ. ಆ ಕಾಲಕ್ಕೆ ಸೊತೆತ್ಸು ನರಕ ಅಂತಾನೇ ಹೆಸ್ರು. ಅಂಥಾ ಮನೆಗಳಿಂದ ಹಡಗು ಹತ್ತಿ ಬಂದೋರಿಗೆ ಇಲ್ಲಿ ಕಬ್ಬು ಕಡಿಯೋ ಕೆಲಸ ಸಿಕ್ತು, ಆದ್ರೆ ಜಪಾನ್ ಮುಖ್ಯ ದ್ವೀಪಗಳೋರಿಗಿಂತ ಕೂಲಿ ಕಮ್ಮಿ, ಮರ್ಯಾದೆನೂ ಕಮ್ಮಿ. 1927ರಲ್ಲಿ ಸೈಪಾನ್‌ನಲ್ಲಿ ಸ್ಟ್ರೈಕೂ ಮಾಡಿದ್ರು.

ಹಂಗಂತ ಇದು ಬರೀ ಅವರ ಕಷ್ಟದ ಕಥೆ ಅಂತ ನಾನು ಹೇಳ್ತಿಲ್ಲ. ಅವರಿಗಿಂತಲೂ ಕೆಳಗೆ ಇಟ್ಟಿದ್ದು ಆ ನೆಲದ ಜನಾನೇ, ಚಮೋರೊ, ಕೆರೊಲಿನಿಯನ್, ಪಲಾವು, ಚೂಕ್ ಜನಾನ. ಸೈಪಾನ್‌ನಲ್ಲಿ ಅವರು 4,000ದಷ್ಟು ಇದ್ರೆ ವಲಸೆ ಬಂದೋರು 20,000 ದಾಟಿದ್ರು, ತಮ್ಮೂರಲ್ಲೇ ಅವರು ಅಲ್ಪಸಂಖ್ಯಾತರಾದ್ರು. ದ್ವೀಪದ ಮಕ್ಕಳಿಗೆ ಬೇರೆ ಸ್ಕೂಲು, ಹೆಚ್ಚಿನವರಿಗೆ ಮೂರೇ ವರ್ಷದ ಪಾಠ, ಸ್ಕೂಲ್ ಮುಗ್ದ ಮೇಲೆ ಜಪಾನಿಯರ ಮನೇಲಿ ಕಸಮುಸುರೆ ಕೆಲಸ. ಹಸಿವಿಂದ ಓಡಿ ಬಂದೋರು ಇನ್ನೊಬ್ಬರ ನೆಲ ತುಂಬಿದ್ರು ಅನ್ನೋ ಈ ಎರಡೂ ಮಾತು ಒಟ್ಟೊಟ್ಟಿಗೇ ಹೇಳ್ಬೇಕು ಅನ್ನೋದೇ ನನ್ನ ವಾದ.

1944ರ ಜೂನ್‌ನಲ್ಲಿ ಅಮೆರಿಕಾ ಸೈನ್ಯ ಸೈಪಾನ್‌ಗೆ ಇಳೀತು. ಶತ್ರು ಕೈಗೆ ಸಿಕ್ಕಿದ್ರೆ ಚಿತ್ರಹಿಂಸೆ ಕೊಟ್ಟು ಕೊಲ್ತಾರೆ ಅಂತ ಜನರ ತಲೇಲಿ ತುಂಬಿದ್ರು, ದ್ವೀಪದ ಉತ್ತರ ತುದೀಲಿ ತಾಯಂದಿರು ಮಕ್ಕಳನ್ನ ಎತ್ಕೊಂಡು ಬಂಡೆ ಮೇಲಿಂದ ಹಾರಿದ್ರು. ಇದನ್ನ ಬರೆಯೋಕೆ ನನಗೆ ಕೈ ಬರ್ತಿಲ್ಲ.

ಉಳ್ದೋರನ್ನ ಯುದ್ಧ ಮುಗಿದ ಮೇಲೆ ಒಕಿನಾವಾಗೆ, ಜಪಾನ್‌ಗೆ ಸಾಗ್ಸಿಬಿಟ್ರು. ದ್ವೀಪದ ಹೆಂಗಸರನ್ನ ಮದುವೆ ಆಗಿದ್ದ ಎಷ್ಟೋ ಗಂಡಸರನ್ನೂ ಕಳ್ಸಿದ್ರು, ಹೆಂಡತಿ ಮಕ್ಕಳು ಅಲ್ಲೇ ಉಳುದ್ರು. ತೊಸಿವೊ ನಕಯಾಮ ಅವರ ತಂದೆನೂ ಹಂಗೇ ಹೋದೋರು, ಆ ಹುಡುಗ ಬೆಳ್ದು 1979ರಲ್ಲಿ ಮೈಕ್ರೊನೇಷ್ಯಾ ಒಕ್ಕೂಟದ ಮೊದಲ ಅಧ್ಯಕ್ಷ ಆದ್ರು. ಪಲಾವು ಭಾಷೇಲಿ ಇವತ್ತಿಗೂ ಕೆಲಸ ಮುಗಿಸಿ ಬಿಯರ್ ಕುಡಿಯೋದಕ್ಕೆ ತ್ಸ್ಕರೆನಾವ್ಸ್ ಅಂತಾರಂತೆ, ದಣಿವು ಆರಿಸಿಕೊಳ್ಳೋದು ಅನ್ನೋ ಜಪಾನಿ ಮಾತಿಂದ ಬಂದಿದ್ದು ಅದು.

ಮುಂದಿನ ಸಲ ಟಿನಿಯನ್ ಹೆಸರು ಬರೆಯುವಾಗ ಇನ್ನೆರಡು ಸಾಲು ಜಾಸ್ತಿ ಜಾಗ ಕೊಡಿ ಸಾರ್, ಒಂದು ಒಕಿನಾವಾದ ಕೂಲಿಯೋರಿಗೆ, ಇನ್ನೊಂದು ಚಮೋರೊ ಜನಕ್ಕೆ.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗ